ಗಂಗುಲಮ್ಮ ಕಟ್ಟಿದ ಕಡ್ಡಿ

ಶಿಡ್ಲಘಟ್ಟ
12-2-1963

ಶ್ಯಾಮಲಕ್ಕಾ,

ನಿಮಗೆ ಗೌರಿಬಿದನೂರಿಗೆ ವರ್ಗವಾದ ಮೇಲೆ ಮೂರನೇ ತರಗತಿ ನನ್ನ ಪಾಲಿಗೆ ಬಂತು. ಮಕ್ಕಳದು ದಿನಾ ಒಂದೇ ಹಾಡು: "ರಾಕೆಟ್ಟು ಯಾವಾಗ ಮಾಡಣ ಟೀಚರಮ್ಮ?" ನೀವು ಮಾಡಿಸುತ್ತಿದ್ದಿರಲ್ಲ, ಅದಕ್ಕೆ! ನೀವು ಬಿಟ್ಟುಹೋದ ಕಾಗದದ ಕೊಳವೆಗಳನ್ನೆಲ್ಲ ಬೀರುವಿನ ಹಿಂದೆ ತುರುಕಿ, ನನ್ನದೇ ಅಳತೆಯಲ್ಲಿ ಹೊಸದು ಮಾಡಿಸಿದೆ. ಮೂರು ಸಲವೂ ಬುಸ್ಸೆಂದು ನೆಲದಲ್ಲೇ ಸುಟ್ಟುಹೋಯಿತು.

ನಿನ್ನೆ ಸಂಜೆ ಕೆರೆಯಂಗಳದಲ್ಲಿ ಮಕ್ಕಳನ್ನು ದೂರ ನಿಲ್ಲಿಸಿ ನಾಲ್ಕನೆಯದರ ಬತ್ತಿ ಹಚ್ಚಿದೆ. ಹುಣಸೆಮರವನ್ನೂ ಮೀರಿ ಹಾರಿತು ಅಕ್ಕಾ! ನಾನೂ ಮಕ್ಕಳ ಜೊತೆ ಕುಣಿದುಬಿಟ್ಟೆ. ಆಗ ಪುಟ್ಟ ಗಂಗುಲಮ್ಮ ನನ್ನ ಸೆರಗು ಎಳೆದಳು.

"ಟೀಚರಮ್ಮ, ಕಡ್ಡಿ ಉದ್ದ ಇರ್ಬೇಕು ಅಂತ ಶ್ಯಾಮಲಮ್ಮ ಟೀಚರು ಹೇಳ್ಕೊಟ್ಟಿದ್ರು. ಅದ್ಕೇ ನೀವು ಕಟ್ಟಿದ್ದು ಬಿಚ್ಚಿ ಉದ್ದಂದು ಕಟ್ಟಿಟ್ಟೆ. ಹೇಳಿದ್ರೆ ಬೈತೀರ ಅಂತ ಸುಮ್ನಿದ್ದೆ."

ಹೊಟ್ಟೆಗೆ ಮೆಣಸಿನಕಾಯಿ ಅರೆದು ಹಚ್ಚಿದಂತಾಯಿತು. ಊರು ಬಿಟ್ಟು ಏಳು ತಿಂಗಳಾದರೂ ನೀವೇ ಗೆದ್ದಿರಿ. ಮಗು ಅಷ್ಟಕ್ಕೇ ನಿಲ್ಲಿಸಲಿಲ್ಲ. "ಹಾರ್ತು ಅಂತ ಅವ್ರಿಗೂ ಕಾಗ್ದ ಬರೀರಿ ಟೀಚರಮ್ಮ" ಎಂದಳು. ಹೂಂ ಎಂದೆ.

ಬರೆದದ್ದೇನೋ ಆಯಿತು. ಆದರೆ, "ಈ ಟೀಚರು ಎಳೆಮಕ್ಕಳ ಕೈಗೆ ಸಿಡಿಮದ್ದು ಕೊಡುತ್ತಾರೆ" ಎಂದು ಶಾಲಾ ಇನ್‌ಸ್ಪೆಕ್ಟರಿಗೆ ನಿಮ್ಮ ಮೇಲೆ ಹೋಗಿದ್ದ ಮೂಗರ್ಜಿಯನ್ನು, ವರ್ಗ ಮಾಡುವ ಮುಂಚೆ ಅವರು ನಿಮ್ಮ ಮುಂದೆಯೇ ಇಟ್ಟು ಓದಿಸಿದ್ದರಂತೆ. ಈ ಅಕ್ಷರ ಕಂಡರೆ ನಿಮಗೆ ಗುರುತು ಸಿಕ್ಕಿಬಿಡುತ್ತದೆ.

ಇದು ನನ್ನ ಪೆಟ್ಟಿಗೆಯಲ್ಲೇ ಇರಲಿ. ನಾಳೆ ಗಂಗುಲಮ್ಮನ ಕೈಯಲ್ಲೇ ಎರಡು ಸಾಲು ಬರೆಸಿ ಟಪಾಲಿಗೆ ಹಾಕುತ್ತೇನೆ.

ಆದಿಲಕ್ಷ್ಮಿ