ಗಾಲಿಯ ಕೆಳಗಿನ ಲಿಂಬೆಹಣ್ಣು

ಮಾಂತೇಶ,

ಅಮಾವಾಸ್ಯೆಯ ದಿನ ಸೈಕಲ್ಲಿಗೆ ಪೂಜೆ ಮಾಡಿ ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟಿದ್ದೆ. ಇವತ್ತಿಗೆ ಐದು ದಿನ, ಹಣ್ಣು ಇಟ್ಟ ಹಾಗೇ ಇದೆ. ನೀನು ಮಾತ್ರ ದಿನಾ "ಅಂಗಡಿಗೆ ಸೈಕಲ್ ಮ್ಯಾಲ ಹೋಗಿ ಬಂದ್ನಿ ಯವ್ವಾ" ಎನ್ನುತ್ತೀ. ಹಾರಿಸಿಕೊಂಡು ಹೋದೆಯೇನಪ್ಪ?

ಸಕ್ಕರೆ ಬೇನೆಗೆ ನಿಮ್ಮಪ್ಪನ ಕಾಲು ಹೋದದ್ದೇ ನನಗೆ ಸಾಕು. ಈಗ ನಿನಗೂ ಅದೇ ಬೇನೆ, ದಿನಾ ಸೈಕಲ್ ತುಳಿಯಲೇಬೇಕು ಎಂದು ಡಾಕ್ಟರು ಹೇಳಿದ್ದಾರೆ. ಮೋಟರ್‌ಸೈಕಲ್ಲಿನ ಎರಡೂ ಕೀಲಿ ನನ್ನ ಎಲೆಅಡಿಕೆ ಸಂಚಿಯಲ್ಲಿವೆ. ಸಂಚಿ ನನ್ನ ಜೊತೆ ಸುರೇಬಾನಕ್ಕೆ, ನಿಮ್ಮಕ್ಕನ ಮನೆಗೆ ಹೊರಟಿದೆ. ಗುರುವಾರ ಬರುತ್ತೇನೆ.

ಪಂಕ್ಚರ್ ತೆಗೆಯುವ ಹುಸೇನಪೀರನಿಂದ ಸೈಕಲ್ಲಿಗೆ ಗಾಳಿ ಹೊಡೆಸಿದ್ದೇನೆ. "ಕಾಕು, ಅಣ್ಣಾ ಇದನ್ನ ತುಳದಾ ಅಂದ್ರ ಜನ್ಮಪೂರ್ತಿ ಪುಕ್ಕಟ ಗಾಳಿ ಹೊಡಿತೇನಿ" ಎಂದು ನಕ್ಕ.

ರೊಟ್ಟಿ ಬುಟ್ಟಿಯಲ್ಲಿವೆ. ಬೆಲ್ಲದ ಡಬ್ಬಿ ಮುಟ್ಟಬೇಡ.

ಬಂದ ಕೂಡಲೇ ಗಾಲಿ ನೋಡುತ್ತೇನೆ. ಅಂಗಡಿ ಹಾದಿಯ ಮಣ್ಣು ಕರಿ, ನಮ್ಮ ಅಂಗಳದ್ದು ಕೆಂಪು. ಅಂಗಳದಲ್ಲೇ ನಾಲ್ಕು ಸುತ್ತು ಹಾಕಿ ನಿಲ್ಲಿಸಿದರೆ ನನಗೆ ಗೊತ್ತಾಗುತ್ತದೆ.

ಅವ್ವ