ನಾಲ್ಕನೇ ಟೇಕ್

ಫೆಬ್ರವರಿ 3, ಸೋಮವಾರ. ಸಂಜೆ 5

ಇದೊಂದನ್ನು ಬರೆಯದೆ ಪುಟ ಮುಗಿಸಿಬಿಡುವವಳಿದ್ದೆ. ಕಂಪನಿಯವರಿಗೆ ಅಕ್ಕನ ದನಿ ಇಷ್ಟವಾಗಿತ್ತು. ಬೇಡ ಎಂದವಳು ನಾನು.

ಬೆಳಗ್ಗೆ ಎಂದಿನ ಕೆಲಸ. ಇಟಲಿಯ ಆರು ಹಳೆಯ ಸಿನಿಮಾಗಳ ಸಂಗೀತದ ಹಕ್ಕು ಕೊಂಡು ಕಂಪನಿ ನನಗೆ ಒಪ್ಪಿಸಿದೆ — ಒಂದೊಂದರಿಂದ ಒಂದೊಂದು ಹೊಸ ಹಾಡು ಮಾಡಿಕೊಡಬೇಕು. ಮೊದಲನೆಯದು ರೈಲ್ವೆ ಪ್ಲಾಟ್‌ಫಾರಂ ದೃಶ್ಯದ್ದು. ಪಿಟೀಲುಗಳು, ಗಿಟಾರ್, ನಡುವೆ ಮಾತಿಲ್ಲದೆ ಬರೀ ಆ... ಎಂದು ಹಾಡುವ ಒಬ್ಬ ಹೆಂಗಸು. ಅರವತ್ತು ವರ್ಷ ಹಿಂದಿನ ಟೇಪು. ಅವಳ ಹೆಸರು ಡಬ್ಬಿಯ ಮೇಲೂ ಇಲ್ಲ. ಪಿಟೀಲು ಉಳಿಸಿಕೊಂಡೆ, ತಾಳ ಬದಲಿಸಿದೆ, ಅವಳನ್ನು ತೆಗೆದೆ. ಈಗಿನ ಸಾಫ್ಟ್‌ವೇರಿಗೆ ಅದು ಎರಡು ನಿಮಿಷದ ಕೆಲಸ. ಆ ಜಾಗಕ್ಕೆ ನಮ್ಮ ಮಾತು, ಅಕ್ಕನ ದನಿ.

ಅಕ್ಕ ಟ್ರ್ಯಾಕ್ ಹಾಡುವವಳು. ಇಪ್ಪತ್ತೆರಡು ವರ್ಷದಿಂದ. ಅವಳು ಮೊದಲು ಹಾಡುತ್ತಾಳೆ, ದೊಡ್ಡ ಗಾಯಕಿಯರು ಅದನ್ನು ಕೇಳಿ ಕಲಿತು ಹಾಡುತ್ತಾರೆ, ಆಮೇಲೆ ಇವಳದನ್ನು ಅಳಿಸುತ್ತಾರೆ. ಈ ಸಲ ನಿನ್ನದೇ ಇಡಿಸುತ್ತೇನೆ, ಹೆಸರು ಹಾಕಿಸುತ್ತೇನೆ ಎಂದು ನಾನೇ ಮಾತು ಕೊಟ್ಟಿದ್ದೆ.

ನಾಲ್ಕನೇ ಟೇಕ್ ಮುಗಿಯಿತು. ಅಷ್ಟರಲ್ಲಿ ಕಂಪನಿಯವರ ಫೋನ್. ಮೊನ್ನೆ ಕಳಿಸಿದ ಸ್ಯಾಂಪಲ್ ಕೇಳಿದ್ದರು. ಯಾರು ಮೇಡಂ ಇವರು, ಇವರನ್ನೇ ಇಡಿ ಎಂದರು. ಅಕ್ಕ ಗಾಜಿನಾಚೆ ಬೂತಿನಲ್ಲಿ, ಹೆಡ್‌ಫೋನ್ ತೆಗೆಯದೆ, ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿಕೊಳ್ಳುತ್ತಿದ್ದಳು.

"ನಿಮಗೆ ಇಷ್ಟ ಆಗಿದ್ದು ಸರಿ ಸರ್," ಎಂದೆ. "ಆದ್ರೆ ಅದು ಬರೀ ಟ್ರ್ಯಾಕ್. ಆಕೆ ಕೈಲಿ ಪೂರ್ತಿ ಆಗಲ್ಲ. ಬೇರೆ ಹುಡುಗಿ ನೋಡಿದೀನಿ."

ಯಾರನ್ನೂ ನೋಡಿರಲಿಲ್ಲ.

ಅಕ್ಕ ಹೊರಗೆ ಬಂದಳು. ಕಂಪನಿಯವರು ಒಪ್ಪಲಿಲ್ಲ ಎಂದೆ. ದನಿಗೆ ವಯಸ್ಸಾಗಿದೆ ಅಂದರು ಎಂದೆ. ಹೋಗಲಿ ಬಿಡು ಪುಟ್ಟಿ ಅಂದಳು. ಚಪ್ಪಲಿ ಹಾಕಿಕೊಂಡು ಹೋದಳು.

ಫೆಬ್ರವರಿ 5

ಅಕ್ಕನ ಫೋನ್. ಬೇರೇನಂದರು ಎಂದು ಕೇಳಿದಳು. ಏನೂ ಇಲ್ಲ ಅನ್ನಬಹುದಿತ್ತು. ಎರಡನೇ ಸಾಲಿಗೆ ಮುಂಚೆ ನಿನ್ನ ಉಸಿರು ಕೇಳುತ್ತದಂತೆ ಎಂದೆ. ಹೌದಾ, ತಿದ್ದಿಕೋಬೇಕು ಎಂದಳು.

ಫೆಬ್ರವರಿ 6

ಮತ್ತೆ ಅದೇ ಪ್ರಶ್ನೆ. ಮೇಲಿನ ಸ್ವರ ನಡುಗುತ್ತದಂತೆ ಎಂದೆ. ಹಳೇ ಬಾಗಿಲ ಥರ ಅಂದ್ರಾ ಎಂದು ಅವಳೇ ನಕ್ಕಳು. ನಾನೂ ನಕ್ಕೆ. ಆಮೇಲೆ, ಕೇಳದೆಯೇ, ಇನ್ನೊಂದು ಸೇರಿಸಿದೆ — ಕೊನೆಯ ಅಕ್ಷರ ನುಂಗುತ್ತೀಯಂತೆ.

ಯಾಕೆ ಸೇರಿಸಿದೆ? ಸುಳ್ಳು ಗಟ್ಟಿಯಾಗಲಿ ಎಂದೋ, ಹೇಳುವಾಗ ಹಿತವಾಗಿತ್ತೋ...

ಫೆಬ್ರವರಿ 9, ಭಾನುವಾರ

ಚಿಕ್ಕವರಿದ್ದಾಗ ಮನೆಗೆ ನೆಂಟರು ಬಂದರೆ ಅಕ್ಕನಿಗೆ ಹಾಡು ಅನ್ನುತ್ತಿದ್ದರು. ನನಗೆ ಫ್ಯಾನ್ ಆಫ್ ಮಾಡು ಅನ್ನುತ್ತಿದ್ದರು, ಸದ್ದಾಗುತ್ತದೆ ಎಂದು. ಹಾಡು ಮುಗಿಯುವವರೆಗೂ ಸ್ವಿಚ್ಚಿನ ಹತ್ತಿರವೇ ನಿಂತಿರಬೇಕು.

ಈಗಲೂ ರೆಕಾರ್ಡಿಂಗಿಗೆ ಮುಂಚೆ ಫ್ಯಾನ್ ಆರಿಸುವುದು ನಾನೇ.

ಇದು ಕಾರಣವಲ್ಲ. ಬರೆದಿಟ್ಟೆ, ಅಷ್ಟೇ.

ಫೆಬ್ರವರಿ 19

ಹುಡುಗಿ ಸಿಕ್ಕಿದಳು. ಇಪ್ಪತ್ತೊಂದು ವರ್ಷ, ಒಳ್ಳೆಯ ದನಿ, ಅವಸರ. ಕಲಿಸಲು ನಾನು ಬರುತ್ತೇನೆ ಎಂದು ಅಕ್ಕನೇ ಹೇಳಿದಳು. ಬೇಡ ಅನ್ನಲು ನೆಪ ಸಿಗಲಿಲ್ಲ. ಹುಡುಗಿ ಆಂಟಿ ಅಂದಳು. "ಅಜ್ಜಿ ಅನ್ನದಿದ್ರೆ ಸಾಕಮ್ಮ, ದನಿಗೆ ವಯಸ್ಸಾಗಿದೆಯಂತೆ," ಎಂದಳು ಅಕ್ಕ, ನನ್ನ ಕಡೆ ನೋಡದೆ.

ಪಕ್ಕದ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಎರಡು ಗಂಟೆ. ಹೀಗೇ ಹತ್ತು ದಿನ ಬರುತ್ತಾಳಂತೆ.

ಮಾರ್ಚ್ 4

ಹುಡುಗಿ ಹಾಡಿದಳು. ಮೂರೇ ಟೇಕ್. ನನ್ನ ಕಿವಿಯೆಲ್ಲ ಪಿಟೀಲಿನ ಮೇಲೆ. ಕಂಪನಿಯವರಿಗೆ ಖುಷಿಯೋ ಖುಷಿ.

ಮಾರ್ಚ್ 11, ಮಂಗಳವಾರ. ಮಧ್ಯಾಹ್ನ 3

ಬೇಡದ ಫೈಲುಗಳನ್ನು ಅಳಿಸುತ್ತಿದ್ದೆ. ಅಕ್ಕನ ನಾಲ್ಕನೇ ಟೇಕ್ ಏಳು ನಿಮಿಷ ಇದೆ. ಹಾಡು ಇರುವುದೇ ನಾಲ್ಕು ನಿಮಿಷ. ಅವತ್ತು ಫೋನ್ ಬಂದಾಗ ರೆಕಾರ್ಡಿಂಗ್ ನಿಲ್ಲಿಸಿರಲಿಲ್ಲ.

ಉಳಿದ ಮೂರು ನಿಮಿಷ ಕೇಳಿದೆ. ಫ್ಲಾಸ್ಕಿನ ಮುಚ್ಚಳ. ನೀರು ಬಗ್ಗಿಸುವ ಸದ್ದು. ಆಮೇಲೆ, ತೀರಾ ಸಣ್ಣಗೆ, ನನ್ನದೇ ದನಿ: ಆದ್ರೆ ಅದು ಬರೀ ಟ್ರ್ಯಾಕ್.

ಟಾಕ್‌ಬ್ಯಾಕ್. ಇಲ್ಲಿ ಕೂತು ಬೂತಿನವರ ಜೊತೆ ಮಾತಾಡುವ ಗುಂಡಿ. ಒತ್ತಿದವಳು ಆರಿಸಿರಲಿಲ್ಲ. ನಾನು ಆಡಿದ್ದೆಲ್ಲ ಅವಳ ಹೆಡ್‌ಫೋನಿಗೆ ಹೋಗಿದೆ, ಅಲ್ಲಿಂದ ಸೋರಿ ಅವಳ ಮೈಕಿಗೆ ಬಂದಿದೆ.

ನೀರು ಬಗ್ಗಿಸುವ ಸದ್ದು ಅರ್ಧಕ್ಕೇ ನಿಂತಿದೆ.

ಅವತ್ತಿಂದ ಗೊತ್ತು ಅವಳಿಗೆ. ಗೊತ್ತಿದ್ದೇ ಕೇಳಿದಳು — ಬೇರೇನಂದರು?

ಮಾರ್ಚ್ 12

ಅಕ್ಕನ ಮನೆಗೆ ಹೋದೆ. ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಬೆಡ್‌ಶೀಟಿನ ಎರಡು ಮೂಲೆ ನನ್ನ ಕೈಗೆ ಕೊಟ್ಟಳು. ಎಳೆದು ಹಿಡಿದುಕೊಂಡೇ ಮಾತು. ಅವತ್ತೇ ಯಾಕೆ ಬಯ್ಯಲಿಲ್ಲ ಎಂದೆ.

"ಇನ್ನೂ ಏನೇನು ಹೇಳ್ತೀಯ ನೋಡೋಣ ಅಂತ."

ಕಂಪನಿಗೆ ನಿಜ ಹೇಳುತ್ತೇನೆ, ಹುಡುಗಿಯದನ್ನು ತೆಗೆಸಿ ನಿನ್ನ ಟೇಕ್ ಹಾಕಿಸುತ್ತೇನೆ ಎಂದೆ. ಕೈ ಮುಗಿಯೋಣವೆಂದರೆ ಕೈಯಲ್ಲಿ ಬೆಡ್‌ಶೀಟು.

"ಬೇಡಪ್ಪ. ದನಿಗೆ ವಯಸ್ಸಾಗಿದೆ. ಉಸಿರು ಕೇಳ್ಸುತ್ತೆ. ಮೇಲೆ ಹೋದ್ರೆ ನಡುಗುತ್ತೆ. ಇನ್ನೊಂದೇನೋ ಇತ್ತಲ್ಲೇ, ಏನದು?"

 ತನ್ನ ಕಡೆಯ ಮೂಲೆಗಳನ್ನು ಎಳೆದು ಹಿಡಿದು ಕಾದಳು. ಕೊನೆಗೆ ನಾನೇ ಹೇಳಬೇಕಾಯಿತು. ಕೊನೆಯ ಅಕ್ಷರ ನುಂಗುತ್ತೀಯ.

"ಹಾ, ಅದು." ನನ್ನ ಕೈಯಿಂದ ಮೂಲೆಗಳನ್ನು ತೆಗೆದುಕೊಂಡಳು. "ಅಷ್ಟನ್ನೂ ಹುಡುಗಿಗೆ ಕಲಿಸಿದೀನಿ. ಒಂದೂ ಬಿಟ್ಟಿಲ್ಲ. ಹೋಗಿ ಕೇಳು. ನಂದು ಅಳಿಸು. ಟ್ರ್ಯಾಕ್ ಅಂದ್ಮೇಲೆ ಅಳಿಸ್ಬೇಕು ತಾನೇ."

ಬಾಗಿಲವರೆಗೆ ಬಂದಳು. ಯಾವತ್ತು ಪೋಸ್ಟ್ ಮಾಡ್ತೀಯ, ಡೇಟ್ ಹೇಳು, ಬಟ್ಟೆ ಒಗೆದು ಮುಗಿಸಿ ಕೂತು ಕೇಳ್ತೀನಿ ಎಂದಳು.

ಮಾರ್ಚ್ 17, ಸೋಮವಾರ. ಬೆಳಗ್ಗೆ 11

ಐದು ದಿನ ಕೇಳಲು ಧೈರ್ಯ ಬರಲಿಲ್ಲ. ಇವತ್ತು ಪಿಟೀಲು ಮ್ಯೂಟ್ ಮಾಡಿ, ಹುಡುಗಿಯನ್ನಷ್ಟೇ ಕೇಳಿದೆ.

ಎರಡನೇ ಸಾಲಿಗೆ ಮುಂಚೆ ಉಸಿರು. ಮೇಲಿನ ಸ್ವರದಲ್ಲಿ ಸಣ್ಣ ನಡುಕ. ಕೊನೆಯ ಅಕ್ಷರ ಗಂಟಲಲ್ಲೇ ಮಾಯ. ಅಕ್ಕನ ನಾಲ್ಕನೇ ಟೇಕಿನಲ್ಲಿ ಇವು ಒಂದೂ ಇಲ್ಲ — ನಿಜದಲ್ಲಿ ಎಲ್ಲೂ ಇರಲಿಲ್ಲ. ನಾನು ಹುಟ್ಟಿಸಿದವು.

ಉಸಿರನ್ನು ಕತ್ತರಿಸಿದೆ. ಕೇಳಿದೆ. ಹಾಡು ಸಪ್ಪೆ. ವಾಪಸ್ ಹಾಕಿದೆ.

ಕಂಪನಿಯವರು ಫೋನ್ ಮಾಡಿದ್ದರು. ಆ ಉಸಿರು ಎಳೆದುಕೊಳ್ಳುತ್ತಾಳಲ್ಲ ಮೇಡಂ, ಅಲ್ಲೇ ಬಿದ್ದುಹೋದೆ ನಾನು, ಎಲ್ಲಿಂದ ಹೊಳೀತು ನಿಮಗೆ ಎಂದರು. ರಾಗ ಇಟಲಿಯವರದ್ದು, ದನಿ ಹುಡುಗಿಯದು, ಕಲಿಸಿದ್ದು ಅಕ್ಕ. ಇಡೀ ಹಾಡಿನಲ್ಲಿ ಪೂರ್ತಿ ನನ್ನದು ಎನ್ನುವಂಥವು ಆ ಮೂರೇ. ಥ್ಯಾಂಕ್ಸ್ ಅಂದೆ.

ಅಕ್ಕ ಹೇಳಿದಂತೆ ಅಳಿಸಿದೆ. ಹಾಡಿನ ನಾಲ್ಕು ನಿಮಿಷ ಹೋಯಿತು. ಕೊನೆಯ ಮೂರು ನಿಮಿಷ ಅಳಿಸಲಾಗಲಿಲ್ಲ. ಅವಳ ದನಿ ಅದರಲ್ಲಿ ಇಲ್ಲ. ನೀರಿನ ಸದ್ದು, ನಾನು.

ಡೇಟ್ ಕೇಳಿದ್ದಳು. ಅದನ್ನಾದರೂ ನಿಜ ಹೇಳಬೇಕು. ಪೋಸ್ಟ್ ಮಾಡುವುದು ಶುಕ್ರವಾರ, ಮಾರ್ಚ್ 21, ಬೆಳಗ್ಗೆ 10ಕ್ಕೆ.