ಡೆನ್ಮಾರ್ಕಿಗೆ ಹೋದ ಕಾವಲಿ

ಗೋರೆಗಾಂವ್ ಪೂರ್ವ, ಮುಂಬಯಿ
26 ನವೆಂಬರ್ 1989

ಇವರೇ,

ಎದುರಿಗಿದ್ದಾಗ ಕರೆಯುವ ಹಾಗೆಯೇ ಕರೆದಿದ್ದೇನೆ. ಕವರಿನ ಮೇಲೂ ಹಾಗೇ ಬರೆದರೆ ಪಾಪ ಉಡುಪಿಯ ಪೋಸ್ಟ್‌ಮ್ಯಾನ್ ಎಷ್ಟು ಮನೆ ಹತ್ತಿ ಇಳಿಯಬೇಕು? ಆದ್ದರಿಂದ ನಿಮ್ಮ ಹೆಸರನ್ನು ಮಗಳು ವನಮಾಲಾಳ ಕೈಯಲ್ಲಿ ಬರೆಸಿದ್ದೇನೆ. ನಾವು ಜಗಳವಾಡುವುದು ತುಳುವಿನಲ್ಲಿ, ನಾನು ಬರೆಯಲು ಕಲಿತದ್ದು ಕನ್ನಡದಲ್ಲಿ. ಇಲ್ಲಿ ಬೈಗುಳ ಸ್ವಲ್ಪ ಮರ್ಯಾದೆಯಿಂದ ಬಂದರೆ ನಾನು ಬದಲಾಗಿದ್ದೇನೆಂದು ತಿಳಿಯಬೇಡಿ.

ನಮ್ಮ ಡೆನ್ಮಾರ್ಕ್ ವ್ಯಾಪಾರಕ್ಕೆ ಒಟ್ಟು ಏನೇನು ಹೋಯಿತೆಂದು ನಿನ್ನೆ ಕುಳಿತು ಕೂಡಿಸಿದೆ. ಎರಕದ ಕಾವಲಿ ನಲವತ್ತು, ಕೊಲ್ಹಾಪುರದಿಂದ ಲಾರಿ ಬಾಡಿಗೆ ಸೇರಿ. ಹಡಗಿನ ಅಂಚೆ, ಎರಡು ಸಲ. ಪಾರ್ಸೆಲ್ ಹೊಲಿಯಲು ಒಂದು ಥಾನು ಬಿಳಿ ಬಟ್ಟೆ. ಮುದ್ರೆಗೆ ಅರಗು, ಅದರ ಜೊತೆಗೆ ನನ್ನ ಹೆಬ್ಬೆರಳಿನ ಚರ್ಮ. ಒಂದು ಡಬ್ಬ ತೆಂಗಿನೆಣ್ಣೆ. ಇಟ್ಟಿಗೆ ಪುಡಿ ಪುಕ್ಕಟೆ. ಕೊನೆಯಲ್ಲಿ ಒಬ್ಬ ಗಂಡ, ಜುಲೈಯಿಂದ. ಬೇರೆಲ್ಲದಕ್ಕೂ ಬೆಲೆ ಹಾಕಿದೆ. ಈ ಕೊನೆಯ ಬಾಬ್ತಿಗೆ ಬಂದಾಗ ಚಹಾ ಮಾಡಲು ಎದ್ದುಹೋದೆ.

ಈ ಪತ್ರವನ್ನು ನಿಮ್ಮ ಅಕ್ಕ ಓದಿ ಹೇಳುತ್ತಿದ್ದಾರೆಂದು ಗೊತ್ತು. ನಿಮ್ಮ ಕನ್ನಡಕ ಇಲ್ಲಿ ಟಿವಿಯ ಮೇಲೆಯೇ ಉಂಟು. ಅಕ್ಕಾ, ನಮಸ್ಕಾರ. ನಿಮ್ಮ ತಮ್ಮ ನಿಮಗೆ ಯಾವ ಕಥೆ ಒಪ್ಪಿಸಿದ್ದಾರೋ ತಿಳಿಯದು. ನನ್ನ ಕಡೆಯದನ್ನೂ ಕೇಳಿಬಿಡಿ.

ಫೋರ್ಟಿನಲ್ಲಿ ಇವರ ಕ್ಯಾಂಟೀನಿನ ಮೇಲಿನ ಮಹಡಿಯಲ್ಲಿ ಒಂದು ಹಡಗಿನ ಆಫೀಸು. ಅಲ್ಲಿಯ ಗುಮಾಸ್ತ, ಮೈಸೂರಿನ ಸತ್ಯಮೂರ್ತಿ, ಕಳೆದ ವರ್ಷ ಒಬ್ಬ ಡೆನ್ಮಾರ್ಕಿನವನನ್ನು ಚಹಾಕ್ಕೆ ಕರೆತಂದರು. ಆತ ಒಲೆಯ ಮೇಲಿದ್ದ ಗುಳಿಯಪ್ಪದ ಕಾವಲಿಯನ್ನು ಕಂಡದ್ದೇ ನೇರ ಅಡುಗೆಮನೆಗೆ ನುಗ್ಗಿದ. ತಮ್ಮ ದೇಶದಲ್ಲೂ ಇಂಥದೇ ಗುಳಿಗಳ ಕಾವಲಿ ಉಂಟು, ಕ್ರಿಸ್ಮಸ್ಸಿಗೆ ಅದರಲ್ಲಿ ಉಂಡೆಯಂಥ ಸಿಹಿ ಮಾಡುತ್ತಾರೆ, ಈಗ ಅಂಥ ದಪ್ಪ ಎರಕ ಸಿಗುವುದೇ ಇಲ್ಲ ಎಂದ. ಹೇಳುತ್ತ ಅವನ ಕಣ್ಣು ಒದ್ದೆಯಾಯಿತು. ಇವರು ಅವನಿಗೆ ಇನ್ನೆರಡು ಅಪ್ಪ ಬಡಿಸಿದರು. ನಾನು ಅವನ ಊರಿನಲ್ಲಿ ಪಾತ್ರೆ ಅಂಗಡಿ ಯಾರದೆಂದು ಕೇಳಿದೆ. ಅಂಗಡಿ ಅವನ ಅಕ್ಕ ಇಂಗಾಳದ್ದೇ ಆಗಿತ್ತು.

ವನಮಾಲಾಳ ಶಾಲೆಯ ಭೂಪಟದಲ್ಲಿ ಆ ದೇಶ ಏಲಕ್ಕಿ ಸಿಪ್ಪೆಯಷ್ಟು ದೊಡ್ಡದು. ನಮ್ಮ ಗುಳಿಯಪ್ಪದ ಕಾವಲಿ ಅಲ್ಲಿ ಯಾವ ಒಲೆ ಹತ್ತುತ್ತದೋ ದೇವರಿಗೇ ಗೊತ್ತು. ಆದರೂ ಇಂಗಾ ಬಾಯಿ ನಲವತ್ತು ಕೇಳಿದಳು, ಮುಂಗಡವಾಗಿ ಡ್ರಾಫ್ಟ್ ಕಳಿಸಿದಳು. ಡ್ರಾಫ್ಟ್ ಕಳಿಸಿದವರ ಊರು ನಮಗೆ ಗೊತ್ತಿರಬೇಕೆಂದೇನಿಲ್ಲ.

ಕಾವಲಿ ಬಂದವು. ನಾನು ಹೊಲಿಯಲು ಸೂಜಿ ಪೋಣಿಸಿದರೆ ಇವರು ಒಲೆ ಹಚ್ಚಿದರು. ಹಾಗೇ ಕಳಿಸಿದರಾಗದೇ ಎಂದೆ.

“ಹಸಿ ಕಾವಲಿ ಯಾರಾದರೂ ಕೊಡ್ತಾರಾ? ಮೊದಲ ದಿನವೇ ಅಪ್ಪ ಅಂಟಿಕೊಂಡರೆ ಆ ಹೆಂಗಸನ್ನು ಅವಳ ಅತ್ತೆ ಬಿಡ್ತಾಳಾ?” ಎಂದರು.

ಡೆನ್ಮಾರ್ಕಿನಲ್ಲಿ ಅತ್ತೆಯರು ಹೇಗೆಂದು ನನಗೂ ಗೊತ್ತಿರಲಿಲ್ಲ, ಸೂಜಿ ಬದಿಗಿಟ್ಟೆ. ಸಂಜೆ ಕ್ಯಾಂಟೀನ್ ಮುಚ್ಚಿದ ಮೇಲೆ ಒಂದೊಂದನ್ನೂ ಕಾಯಿಸಿ, ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಗುಳಿಗುಳಿಗೂ ಉಜ್ಜಿ, ಆರಲು ಬಿಟ್ಟು, ಮತ್ತೆ ಕಾಯಿಸಿ, ತಿಂಗಳಿಡೀ ಪಳಗಿಸಿದರು. ಪ್ರತಿ ಕಾವಲಿಯ ಮೊದಲ ಅಪ್ಪ ಕಿಟಕಿಯ ಕಾಗೆಗೆ. ಒಂದು ಚೂರನ್ನೂ ಬಾಯಿಗೆ ಹಾಕಲಿಲ್ಲ. ಇದನ್ನು ನೋಡಿದವಳು ನಾನೇ ಅಕ್ಕಾ, ಆದ್ದರಿಂದ ಮುಂದಿನದಕ್ಕೆ ನನಗೆ ನೆಪವಿಲ್ಲ.

ಜನವರಿಯಲ್ಲಿ ಹೋದ ಗಂಟು ಜುಲೈಯಲ್ಲಿ ಮಳೆಯ ಜೊತೆಗೇ ಹಿಂದೆ ಬಂತು. ಬಿಡಿಸಿಕೊಳ್ಳಲು ಹೋದರೆ ಸುಂಕದ ಸಾಹೇಬರು ಇದು ವಿದೇಶದ ಮಾಲೇ ಎಂದು ಕೇಳಿದರು. ಮೂಸಿ ನೋಡಿ ಎಂದೆ. ಮೂಸಿದರು, ನಕ್ಕು ಸಹಿ ಹಾಕಿದರು. ಒಳಗೆ ಮೂವತ್ತೊಂಬತ್ತಿತ್ತು, ಒಂದು ಸಮುದ್ರಕ್ಕೆ ಬಿತ್ತೆಂದುಕೊಂಡೆ. ಇಂಗಾ ಬಾಯಿಯ ಚೀಟಿಯನ್ನು ಸತ್ಯಮೂರ್ತಿ ಕ್ಯಾಂಟೀನಿನಲ್ಲೇ ಓದಿದರು. ಹೊಸತು ಕೇಳಿದ್ದೆ, ನೀವು ಕಳಿಸಿದ್ದು ಬಳಸಿದವು, ಕರಿ ಹಿಡಿದಿದೆ, ಎಣ್ಣೆಯ ವಾಸನೆ ಇದೆ ಎಂದು ಬರೆದಿದ್ದಳು.

ಊಟದ ಹೊತ್ತು. ಮೇಜುಗಳೆಲ್ಲ ತುಂಬಿದ್ದವು. ಅಷ್ಟು ಜನರ ಎದುರು ನಾನು ಆಡಿದ ಮಾತನ್ನು ಇವರು ನಿಮಗೆ ಹೇಳಿರಲಾರರು. ಹೇಳುವ ಜಾತಿಯವರಲ್ಲ. ನಾನೇ ಬರೆಯುತ್ತೇನೆ. “ಹೊಸತು ಕೇಳಿದವರಿಗೆ ಎಂಜಲು ಕಾವಲಿ ಕಳಿಸಿದಿರಲ್ಲ!” ಎಂದೆ.

ಇವರು ಸಾರಿನ ಸೌಟು ಹಿಡಿದುಕೊಂಡೇ ನಿಂತಿದ್ದರು. “ಎಂಜಲಾ?” ಎಂದರು. ಅಷ್ಟೇ. ಹೆಗಲ ಟವೆಲು ತೆಗೆದು ಕ್ಯಾಂಟೀನಿನ ಹುಡುಗ ಸೀನನ ಕೈಗೆ ಕೊಟ್ಟರು. ಮರುದಿನ ಸಯನ್‌ನಲ್ಲಿ ಉಡುಪಿ ಬಸ್ಸು ಹತ್ತುವಾಗ ಕನ್ನಡಕ ಮರೆತರು.

ಆಮೇಲೆ ನಾನು ವ್ಯಾಪಾರಸ್ಥೆಯಾದೆ ಇವರೇ. ಮೂವತ್ತೊಂಬತ್ತನ್ನೂ ಇಟ್ಟಿಗೆ ಪುಡಿ, ಹುಣಸೆಹುಳಿ ಹಾಕಿ ತಿಕ್ಕಿದೆ. ನೀವು ತಿಂಗಳಿಡೀ ಕೂರಿಸಿದ ಕಪ್ಪು ನಾಲ್ಕು ದಿನಗಳಲ್ಲಿ ಮೋರಿ ಸೇರಿತು. ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ಬಿಲ್ಡಿಂಗಿನ ಹೆಂಗಸರೆಲ್ಲ ಬಂದು ಹೊಗಳಿದರು. ವನಮಾಲಾ ಮಾತ್ರ ಬಾಗಿಲಲ್ಲಿ ನಿಂತು, “ಪಪ್ಪಾ ದೇಖೇಂಗೆ ತೋ?” ಅಪ್ಪ ನೋಡಿದರೆ ಎಂದು ಕೇಳಿ ಒಳಗೆ ಹೋದಳು. ಆಗಸ್ಟಿನಲ್ಲಿ ಮತ್ತೆ ಕಳಿಸಿದೆ. ಇಂಗಾ ಬಾಯಿ ಬಾಕಿ ಹಣ ಕಳಿಸಿದಳು. ಕಾಗದದ ಮೇಲೆ ನಾನು ಗೆದ್ದೆ.

ಕಳೆದ ವಾರ ಅವಳ ವಿಮಾನದ ಪತ್ರ ಬಂತು. ಸಮುದ್ರದ ಗಾಳಿಗೆ ಅರ್ಧಕ್ಕರ್ಧ ತುಕ್ಕು. ಕೊಂಡವರೆಲ್ಲ ಹಿಟ್ಟು ಹಿಡಿಯುತ್ತದೆ ಎನ್ನುತ್ತಿದ್ದಾರಂತೆ. ಆ ಕಳೆದುಹೋದ ನಲವತ್ತನೆಯದು ಸಮುದ್ರಕ್ಕೆ ಬಿದ್ದಿರಲಿಲ್ಲ. ಗಂಟು ಹಿಂದೆ ಕಳಿಸುವ ಮೊದಲೇ ಅವಳ ಮುದಿ ತಾಯಿ ಒಂದನ್ನು ಎತ್ತಿ ತನ್ನ ಒಲೆಗೆ ಇಟ್ಟುಕೊಂಡಿದ್ದಳಂತೆ. ಅದರಲ್ಲಿ ಒಂದೂ ಅಂಟುವುದಿಲ್ಲ. ಮುದುಕಿ ಎರಡನೆಯ ಸಲದ್ದನ್ನು ಕೈಯಲ್ಲಿ ಹಿಡಿದು ನೋಡಿ, “ಇವು ಬೇರೆ ಯಾರದೋ ಕೈಯವು. ಮೊದಲಿನವರು ಎಲ್ಲಿ ಹೋದರು?” ಎಂದು ಕೇಳಿದಳಂತೆ.

ವನಮಾಲಾ ಇಂಗ್ಲಿಷಿನಲ್ಲಿ ಓದಿ ಅರ್ಥ ಹೇಳಿದಳು. ಆ ಸಾಲನ್ನು ಇನ್ನೊಮ್ಮೆ ಓದು ಎಂದೆ. ಸರಿಯಾಗಿ ಕೇಳಿಸಲಿಲ್ಲ ಎಂದು ಸುಳ್ಳು ಹೇಳಿದೆ.

ವಿಷಯಕ್ಕೆ ಬರುತ್ತೇನೆ. ಇಂಗಾ ಬಾಯಿ ಈಗ ಮೊದಲಿನವರು ಪಳಗಿಸಿದ ಕಾವಲಿಯೇ ಬೇಕೆಂದು ಬರೆದಿದ್ದಾಳೆ. ನಲವತ್ತು. ನಮೂನೆಗೆಂದು ಒಂದು ತರಿಸಿ ನಾನೇ ಎಣ್ಣೆ ಉಜ್ಜಿ ನೋಡಿದೆ. ಮನೆಯೆಲ್ಲ ಹೊಗೆ, ಪಕ್ಕದ ಮನೆಯವರು ಬಾಗಿಲು ಬಡಿದರು, ಮೊದಲ ಅಪ್ಪವನ್ನು ಕೆರೆದು ತೆಗೆಯಬೇಕಾಯಿತು. ಕಾಗೆ ಕೂಡ ಅದನ್ನು ಹೊರಳಿಸಿ ನೋಡಿ ಹಾರಿಹೋಯಿತು. ಆದ್ದರಿಂದ ಕೆಲಸದ ದೃಷ್ಟಿಯಿಂದ ಮಾತ್ರ ಹೇಳುತ್ತಿದ್ದೇನೆ, ನೀವು ಬರಬೇಕಾಗುತ್ತದೆ. ಕ್ಯಾಂಟೀನನ್ನು ಸೀನ ಚೆನ್ನಾಗಿಯೇ ನಡೆಸುತ್ತಿದ್ದಾನೆ, ನಿಮ್ಮ ಟವೆಲನ್ನು ಮೊಳೆಗೆ ತೂಗುಹಾಕಿದ್ದಾನೆ, ತಾನು ಹಾಕಿಕೊಳ್ಳುವುದಿಲ್ಲ. ಬಸ್ಸು ಯಾವ ದಿನವೆಂದು ತಿಳಿಸಿದರೆ ಸಯನ್‌ಗೆ ಬರುತ್ತೇನೆ. ಹೇಗೂ ಪಕ್ಕದ ಮಾಟುಂಗದಲ್ಲಿ ತರಕಾರಿ ಕೊಳ್ಳುವುದು ಉಂಟು.

ಇಂತು,
ನೀಲಾವತಿ

ತಾ.ಕ.: ಅಕ್ಕಾ, ನೀವು ಇಲ್ಲಿಗೆ ನಿಲ್ಲಿಸಿ, ನಿಮ್ಮ ಕನ್ನಡಕವನ್ನು ಒಂದು ಗಳಿಗೆ ಅವರಿಗೆ ಕೊಡಿ.

ಇವರೇ, ನಲವತ್ತಲ್ಲ. ಅವಳು ಕೇಳಿರುವುದು ಒಂದೇ ಒಂದು, ಮುದುಕಿಯ ತಂಗಿಗೆ. ಅಂಚೆ ಖರ್ಚು ಕಳೆದರೆ ಅದರಲ್ಲಿ ಏನೂ ಉಳಿಯುವುದಿಲ್ಲ. ನಾನು ಕೆಡಿಸಿದ್ದಲ್ಲದೆ ಇನ್ನೊಂದು ಕಾವಲಿ ತರಿಸಿ ಒಲೆಯ ಪಕ್ಕ ಇಟ್ಟಿದ್ದೇನೆ. ಹಸಿಯಾಗಿಯೇ ಉಂಟು, ನಾನು ಮುಟ್ಟಿಲ್ಲ. ಎಂಜಲಾಗಿದ್ದು ನನ್ನ ಬಾಯಿ, ನಿಮ್ಮ ಕಾವಲಿಯಲ್ಲ.

ಕೊನೆಗೆ ಯಾರಿಗೆ ಏನು ಸಿಕ್ಕಿತೆಂದು ಬರೆದು ಮುಗಿಸುತ್ತೇನೆ. ಇಂಗಾ ಬಾಯಿಯ ತಾಯಿಗೆ ಒಳ್ಳೆಯ ಕಾವಲಿ. ಫೋರ್ಟಿನ ಕಾಗೆಗೆ ನಲವತ್ತು ಅಪ್ಪ. ನಿಮ್ಮ ಅಕ್ಕನಿಗೆ ತಮ್ಮ. ನನಗೆ ನಿಮ್ಮ ಕನ್ನಡಕ.